ಲಸಿಕೆಯ ತರುವಾಯ ‘ಕೈನೋವು’: ಒಂದು ದಾಖಲೆಯ ಭಾಷೆಯನ್ನು ಕುರಿತ ವಿಮರ್ಶೆ

ಲಸಿಕೆ ಹಾಕಿಸಿಕೊಂಡ ಕೆಲವು ದಿನಗಳ ಮೇಲೆ ತನ್ನ ಕೈಬೆರಳುಗಳ ಕೀಲುಗಳು ಊದಿಕೊಂಡುವೆಂದು ಒಬ್ಬ ಹೆಂಗಸು ಆರೋಗ್ಯ ಕೇಂದ್ರಕ್ಕೆ ಬಂದು ಹೇಳಿದರೆ, ಆ ಹೇಳಿಕೆಯು ಎರಡು ಬಗೆಯ ವಿಚಾರಣೆಗೆ ಒಳಗಾಗತಕ್ಕದ್ದು. ಊದಿರುವುದು ಯಾವುದು, ಏತರಿಂದ ಎಂಬುದು ಮೊದಲನೆಯದು. ಇದು ವೈದ್ಯರಿಗೆ ಸೇರಿದ್ದು. ಆಕೆ ಯಾವ ಮಾತಿನಲ್ಲಿ ಹೇಳಿದಳು, ಕೇಳಿದವರು ಯಾವ ಮಾತಿನಲ್ಲಿ ಬರೆದುಕೊಂಡರು, ಇವೆರಡರ ನಡುವೆ ಅರ್ಥವು ಎಷ್ಟರಮಟ್ಟಿಗೆ ಉಳಿದುಬಂದಿತು ಎಂಬುದು ಎರಡನೆಯದು. ಇದು ಭಾಷೆಯನ್ನು ಅಭ್ಯಾಸಮಾಡುವವರಿಗೂ ಸೇರಿದ್ದು. ಕಾವ್ಯವನ್ನೂ ಶಾಸನವನ್ನೂ ಪಾಠಪಾಠಾಂತರಗಳೊಡನೆ ಪರಿಶೀಲಿಸುವ ನಮ್ಮ ವಿಭಾಗಗಳು ರೋಗಿಯ ದಾಖಲೆಯೆಂಬ ಗದ್ಯವನ್ನು ವಿಮರ್ಶೆಗೆ ಯೋಗ್ಯವಾದ ಪಾಠವೆಂದು ಭಾವಿಸಿರುವುದು ಅಪೂರ್ವ. ಪ್ರಕೃತ ಲೇಖನದಲ್ಲಿ ನಾವು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ಈ ಗದ್ಯವನ್ನು ಪರೀಕ್ಷಿಸಬೇಕೆಂದಿದ್ದೇವೆ.

ಈ ತಾಲ್ಲೂಕುಗಳನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಇವು ಕನ್ನಡವೂ ತೆಲುಗೂ ಒಂದೇ ಮನೆಯೊಳಗೆ ಓಡಾಡುವ ಸೀಮೆ. ಹೊಲದಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯ ಕಾಗದದಲ್ಲಿ ಇಂಗ್ಲಿಷು ಎಂಬ ಮೂರು ಮೆಟ್ಟಿಲುಗಳನ್ನು ಹತ್ತಿದ ಮೇಲೆಯೇ ಇಲ್ಲಿ ಒಂದು ನೋವು ದಾಖಲೆಯಾಗುತ್ತದೆ. ಅಲ್ಲದೆ ಇದು ಕೈಯ ಕೆಲಸದಿಂದ ಬದುಕುವ ನಾಡು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯಿದೆ. ನೂಲು ಬಿಚ್ಚಾಣಿಕೆಯ ಮನೆಗಳಲ್ಲಿ ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿಯನ್ನು ಹುಡುಕಿ ತೆಗೆಯುವುದು ಬೆರಳುಗಳೇ. ದಿನಗೂಲಿಯವಳ ಬೆರಳು ಮಡಿಸಲು ಬಾರದೆ ಹೋದರೆ ಅಂದಿನ ಕೂಲಿ ಹೋಯಿತು. ಆದಕಾರಣ ಕೈಕೀಲಿನ ಉರಿಯೂತವು ಆಸ್ಪತ್ರೆಗೆ ಸೇರಿಸಿಕೊಳ್ಳುವಷ್ಟು ದೊಡ್ಡ ಕಾಯಿಲೆಯಲ್ಲವೆಂದು ವೈದ್ಯಶಾಸ್ತ್ರಕ್ಕೆ ತೋರಿದರೂ ಆ ಮನೆಗೆ ದೊಡ್ಡದೇ ಆಗಿರುವುದು.

ಮೊದಲು ‘ಕೈ’ ಎಂಬ ಶಬ್ದವನ್ನೇ ನೋಡೋಣ. ಇಂಗ್ಲಿಷಿನಲ್ಲಿ ಭುಜದಿಂದ ಮಣಿಕಟ್ಟಿನವರೆಗಿನ ಭಾಗಕ್ಕೆ ಒಂದು ಹೆಸರು, ಅಲ್ಲಿಂದ ಬೆರಳ ತುದಿಯವರೆಗೆ ಇನ್ನೊಂದು ಹೆಸರು. ಕನ್ನಡದಲ್ಲಿ ಭುಜದಿಂದ ಉಗುರಿನವರೆಗೂ ಎಲ್ಲವೂ ಕೈಯೇ. ತೋಳು, ರಟ್ಟೆ, ಮೊಣಕೈ, ಮುಂಗೈ, ಮಣಿಕಟ್ಟು, ಹಸ್ತ, ಅಂಗೈ ಎಂಬ ವಿಭಾಗಗಳು ಇವೆ, ಇಲ್ಲವೆಂದಲ್ಲ. ಆದರೆ ನೋಯುವವರು ಅವನ್ನು ಬಳಸುವುದು ಕಡಮೆ. ‘ಕೈ ನೋಯುತ್ತದೆ’ ಎಂದುಬಿಡುತ್ತಾರೆ. ತೆಲುಗಿನ ‘ಚೆಯ್ಯಿ’ ಎಂಬುದೂ ಇದೇ ಜಾಡಿನದು. ಭಾಷೆ ಬದಲಾಯಿಸಿ ಕೇಳಿದರೆ ಗೊಂದಲ ತೀರುವುದೆಂಬ ಆಸೆಗೆ ಅಲ್ಲಿಯೂ ಎಡೆಯಿಲ್ಲ. ಮೇಲಾಗಿ ‘ಮುಂಗೈ’ ಎಂಬ ಪದಕ್ಕೆ ಒಬ್ಬರು ಮೊಣಕೈಯಿಂದ ಕೆಳಗಿನ ಭಾಗವೆಂದೂ ಮತ್ತೊಬ್ಬರು ಮಣಿಕಟ್ಟಿನ ಸುತ್ತಣ ಭಾಗವೆಂದೂ ಅರ್ಥಮಾಡುತ್ತಾರೆ.

ಬೇರೆ ಯಾವ ಕಾಯಿಲೆಯಲ್ಲಾದರೂ ಈ ಸಂದಿಗ್ಧತೆಯನ್ನು ಸಹಿಸಿಕೊಳ್ಳಬಹುದು. ಲಸಿಕೆಯ ಸಂದರ್ಭದಲ್ಲಿ ಸಹಿಸಲಾಗದು. ಏಕೆಂದರೆ ದೊಡ್ಡವರಿಗೆ ಸೂಜಿ ಚುಚ್ಚುವುದು ಸಾಮಾನ್ಯವಾಗಿ ತೋಳಿಗೆ. 2021ರ ಜನವರಿ 16ರಂದು ದೇಶದಲ್ಲಿ ಆರಂಭವಾದ ಕೋವಿಡ್ ಲಸಿಕಾ ಕಾರ್ಯದಲ್ಲಿ ಕೋವಿಶೀಲ್ಡ್ ಕೋವ್ಯಾಕ್ಸಿನ್ ಎರಡನ್ನೂ ತೋಳಿನ ಮೇಲ್ಭಾಗದ ಸ್ನಾಯುವಿಗೇ ಕೊಟ್ಟರು. ಆ ಜಾಗದಲ್ಲಿ ಎರಡು ದಿನ ನೋವು, ಸ್ವಲ್ಪ ಊತ ಇರುವುದು ಸಹಜವಾದುದು, ನಿರೀಕ್ಷಿತವಾದುದು. ಈಗ ‘ಲಸಿಕೆಯ ನಂತರ ಕೈನೋವು, ಊತ’ ಎಂದು ಬರೆದಿರುವ ಒಂದು ಸಾಲನ್ನು ತೆಗೆದುಕೊಳ್ಳೋಣ. ಇದು ಸೂಜಿಯ ಜಾಗದ ಸಾಮಾನ್ಯ ನೋವಾಗಿರಬಹುದು. ಸೂಜಿಯು ತೀರ ಮೇಲಕ್ಕೆ ತಾಗಿ ಭುಜದ ಸಂದಿಗೆ ಆದ ಪೆಟ್ಟಾಗಿರಬಹುದು. ಇಂಥದು ಸಾಮಾನ್ಯವಾಗಿ ಎರಡು ದಿನಗಳೊಳಗೆ ತಲೆದೋರುತ್ತದೆ. ಚುಚ್ಚದೆ ಇದ್ದ ಇನ್ನೊಂದು ಕೈಯೂ ಸೇರಿದಂತೆ ಎರಡು ಕೈಗಳ ಬೆರಳ ಕೀಲುಗಳೂ ಊದಿರಬಹುದು. ಮೂರಕ್ಕೂ ಕಾರಣ ಬೇರೆ, ಚಿಕಿತ್ಸೆ ಬೇರೆ, ಮುಂದಿನ ಗತಿ ಬೇರೆ. ಆದರೂ ಆ ಸಾಲು ಮೂರನ್ನೂ ಸಮನಾಗಿ ಹೊತ್ತು ನಿಲ್ಲುವುದು. ಓದಿದವರು ಸಾಮಾನ್ಯವಾದುದನ್ನೇ ಊಹಿಸಿಕೊಂಡು ಮುಂದಕ್ಕೆ ಹೋಗುವರು. ಮೂರನೆಯದು ಹೀಗೆ ಕಾಗದದ ಮೇಲೆಯೇ ಕಣ್ಮರೆಯಾಗುವುದು.

ಲಸಿಕೆಗೂ ತೋಳಿಗೂ ಇರುವ ನಂಟು ಮೈಸೂರು ಸೀಮೆಯಲ್ಲಿ ಹಳೆಯದು. ಥಾಮಸ್ ಹಿಕಿ ಎಂಬ ಚಿತ್ರಕಾರನು 1805ರ ಸುಮಾರಿನಲ್ಲಿ ಬರೆದ ಮೂವರು ರಾಜಸ್ತ್ರೀಯರ ಚಿತ್ರವೊಂದಿದೆ. ಅದರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ವಯಸ್ಸಿನ ರಾಣಿ ದೇವಾಜಮ್ಮಣ್ಣಿಯವರು ಸೀರೆಯ ಸೆರಗನ್ನು ಸರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನು ತೋರುವುದಕ್ಕೆಂದು ಚರಿತ್ರಕಾರ ನೈಜೆಲ್ ಚಾನ್ಸೆಲರ್ ಅರ್ಥೈಸಿದ್ದಾರೆ. ಆ ಅರ್ಥವನ್ನು ಒಪ್ಪುವುದಾದರೆ ಅದು ಲಸಿಕೆಯನ್ನು ಕುರಿತ ದಾಖಲೆಯೂ ಹೌದು, ಪ್ರಚಾರವೂ ಹೌದು. ಜಾಗವನ್ನು ಬೆರಳಿಟ್ಟು ತೋರಿಸುವ ವಿಷಯದಲ್ಲಿ ನಮ್ಮ ಇಂದಿನ ಅನೇಕ ಕಾಗದಗಳಿಗಿಂತ ಅದು ಮೇಲು. ಪ್ರಸಂಗವಶಾತ್ ಇನ್ನೊಂದು ಮಾತು: ‘ಲಸಿಕೆ’ ಎಂಬ ಪದವು ಸಂಸ್ಕೃತದ ‘ಲಸೀಕಾ’ದಿಂದ ಬಂದದ್ದು, ಮೈಯೊಳಗಣ ತಿಳಿಯಾದ ರಸವೆಂದು ಅದರ ಅರ್ಥ. ಸಿಡುಬಿನ ಲಸಿಕೆಗೆ ಇಂಗ್ಲಿಷಿನಲ್ಲಿಯೂ ಆ ರಸದ ಹೆಸರೇ ಬಳಕೆಯಲ್ಲಿತ್ತು. ಹಿಂದಿನವರು ‘ದೇವಿ ಹಾಕುವುದು’, ‘ದಾಕು ಹಾಕುವುದು’ ಎನ್ನುತ್ತಿದ್ದರು. ವಯಸ್ಸಾದವರ ಬಾಯಲ್ಲಿ ಈ ಮಾತುಗಳನ್ನು ಕೇಳಿದವರು ಅದನ್ನು ಅಜ್ಞಾನವೆಂದು ತಿದ್ದದೆ ಹಾಗೆಯೇ ಬರೆದುಕೊಳ್ಳುವುದು ಒಳ್ಳೆಯದು.

ಇನ್ನು ‘ಉರಿಯೂತ’. ಉರಿ, ಊತ ಎಂಬ ಎರಡು ಅಚ್ಚಗನ್ನಡ ಮಾತುಗಳನ್ನು ಕೂಡಿಸಿ ಮಾಡಿದ ಈ ಪದವು ನಮ್ಮ ವೈದ್ಯಕ ಪರಿಭಾಷೆಯಲ್ಲಿ ಒಳ್ಳೆಯ ಪದಗಳ ಸಾಲಿಗೆ ಸೇರುವಂಥದು. ರೋಮನ್ ಲೇಖಕ ಸೆಲ್ಸಸನು ಉರಿಯೂತಕ್ಕೆ ಹೇಳಿದ ಲಕ್ಷಣಗಳು ನಾಲ್ಕು: ಕೆಂಪು, ಊತ, ಬಿಸಿ, ನೋವು. ಕೆಲಸ ಕೆಡುವುದೆಂಬ ಐದನೆಯದನ್ನು ಮುಂದಿನವರು ಸೇರಿಸಿದರು. ಕನ್ನಡದ ಪದವು ಈ ಐದರಲ್ಲಿ ಎರಡನ್ನು ಮಾತ್ರ ಹೆಸರಿಸಿ ಉಳಿದವನ್ನು ಧ್ವನಿಯಾಗಿ ಬಿಟ್ಟಿದೆ. ಇದರಲ್ಲಿ ಒಂದು ಗುಣವೇ ಇದೆಯೆಂದು ನಮಗೆ ತೋರುತ್ತದೆ. ಏಕೆಂದರೆ ಕಪ್ಪು ಮೈಬಣ್ಣದವರಲ್ಲಿ ಕೀಲಿನ ಮೇಲಣ ಕೆಂಪು ಸುಲಭವಾಗಿ ಕಾಣದು. ಬಿಳಿಯ ಮೈಯನ್ನು ನೋಡಿ ಬರೆದ ಪುಸ್ತಕವನ್ನು ಅನುಸರಿಸಿ ‘ಕೆಂಪಿಲ್ಲ, ಆದುದರಿಂದ ಉರಿಯೂತವಿಲ್ಲ’ ಎಂದು ನಿರ್ಣಯಿಸಿದರೆ ಅದು ತಪ್ಪು ನಿರ್ಣಯವಾಗುತ್ತದೆ. ಮುಟ್ಟಿ ನೋಡಿ ಬಿಸಿಯನ್ನೂ ಒತ್ತಿ ನೋಡಿ ಊತವನ್ನೂ ತಿಳಿಯಬೇಕು. ಆದರೆ ಜನರ ಬಾಯಲ್ಲಿ ಈ ಪದವಿಲ್ಲ. ಅವರಲ್ಲಿರುವುದು ‘ಬಾವು’, ‘ಊತ’, ತೆಲುಗಿನಲ್ಲಿ ‘ವಾಪು’. ಬಾವು ವಾಪು ಎರಡೂ ಒಡಹುಟ್ಟುಗಳು. ಕೀವುಗಟ್ಟಿದ ಉಗುರುಸುತ್ತಿಗೂ ಅದೇ ಬಾವು, ಕೀಲಿನೊಳಗಣ ಪೊರೆ ಉಬ್ಬಿದರೂ ಅದೇ ಬಾವು. ‘ಸಂಧಿವಾತ’ ಎಂಬ ಪುಸ್ತಕದ ಮಾತೂ ಇದಕ್ಕಿಂತ ಸ್ಪಷ್ಟವಾದುದಲ್ಲ. ಆಯುರ್ವೇದದ ಗ್ರಂಥಕಾರರು ಆಮವಾತ, ಸಂಧಿಗತವಾತ, ವಾತರಕ್ತ ಎಂದು ಕೀಲುಬೇನೆಗಳನ್ನು ಬೇರೆ ಬೇರೆಯಾಗಿ ವಿಂಗಡಿಸಿದ್ದರೆ, ನಾವು ಅವೆಲ್ಲಕ್ಕೂ ಒಂದೇ ಹೆಸರಿಟ್ಟು ಹಿಂದಿನವರಿದ್ದ ಮಟ್ಟದಿಂದಲೂ ಕೆಳಗಿಳಿದಿದ್ದೇವೆ.

ನೋವನ್ನು ವರ್ಣಿಸುವ ಮಾತುಗಳಿಗೇನೋ ಬರವಿಲ್ಲ. ಬೆರಳು ‘ಜೋಮು ಹಿಡಿಯಿತು’ ಎಂದರೆ ನರಕ್ಕೆ ಸಂಬಂಧಿಸಿದ್ದು. ಮಣಿಕಟ್ಟಿನಲ್ಲಿ ನರವು ಅದುಮಿಕೊಂಡಾಗ ರಾತ್ರಿಯ ಹೊತ್ತು ಹೀಗಾಗುತ್ತದೆ. ‘ಪೆಡಸಾಯಿತು’ ಎಂದರೆ ಕೀಲಿನ ಬಿಗಿತ. ‘ಚಳುಕು’ ಎಂಬುದು ಇವೆರಡೂ ಅಲ್ಲ. ಕಬ್ಬಿನ ಗೆಣ್ಣಿಗೂ ಬೆರಳಿನ ಗೆಣ್ಣಿಗೂ ಒಂದೇ ಹೆಸರಿಟ್ಟ ಜನಕ್ಕೆ ಬೆರಳಿನಲ್ಲಿ ಎಷ್ಟು ಕೀಲುಗಳಿವೆ, ನೋಯುವುದು ಎಷ್ಟನೆಯದು ಎಂಬುದನ್ನು ತೋರಿಸುವುದು ಕಷ್ಟವಲ್ಲ. ಕೇಳುವವರು ‘ಯಾವ ಗೆಣ್ಣು?’ ಎಂದು ಕೇಳಬೇಕು, ಅಷ್ಟೆ. ಈ ಪ್ರಶ್ನೆಯಿಂದ ಆಗುವ ಲಾಭ ಸಣ್ಣದಲ್ಲ. ಉಗುರಿನ ಹತ್ತಿರದ ಗೆಣ್ಣು ಗಟ್ಟಿಯಾಗಿ, ಮೂಳೆಯಂತೆ ದಪ್ಪವಾಗಿದ್ದರೆ ಅದು ಬಹುಮಟ್ಟಿಗೆ ವಯಸ್ಸಿನ ಸವೆತ. ನಡುವಣ ಗೆಣ್ಣುಗಳೂ ಬೆರಳು ಹಸ್ತವನ್ನು ಕೂಡುವ ಬುಡದ ಕೀಲುಗಳೂ ಒತ್ತಿದರೆ ಮೆತ್ತಗೆ ಅದುಮಿಕೊಳ್ಳುವಂತೆ ಊದಿದ್ದರೆ, ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ, ಒಂದು ಗಂಟೆಗಿಂತ ಹೆಚ್ಚು ಕಾಲ ಮುಷ್ಟಿ ಕಟ್ಟಲಾಗದಿದ್ದರೆ, ಅದು ಉರಿಯೂತದ ಕಡೆಗೆ ಬೆರಳುಮಾಡುತ್ತದೆ. ಅಮೆರಿಕ ಯೂರೋಪುಗಳ ಕೀಲುವೈದ್ಯರ ಸಂಘಗಳು 2010ರಲ್ಲಿ ಕೂಡಿ ಗೊತ್ತುಮಾಡಿದ ರುಮಟಾಯ್ಡ್ ಸಂಧಿವಾತದ ಅಂಕಪಟ್ಟಿಯಲ್ಲಿ ಉಗುರಿನ ಹತ್ತಿರದ ಗೆಣ್ಣನ್ನು ಎಣಿಕೆಗೇ ಸೇರಿಸುವುದಿಲ್ಲ. ಊತವು ಆರು ವಾರ ನಿಂತಿತೇ ಎಂಬುದಕ್ಕೆ ಅಲ್ಲಿ ಪ್ರತ್ಯೇಕ ಅಂಕವುಂಟು. ಗೆಣ್ಣನ್ನೂ ವಾರವನ್ನೂ ಬರೆಯದ ದಾಖಲೆಗೆ ಆ ಪಟ್ಟಿಯು ನಿಷ್ಪ್ರಯೋಜಕ.

ಶಬ್ದಗಳಿಗಿಂತ ಸೂಕ್ಷ್ಮವಾಗಿ ಕೆಲಸಮಾಡುವುದು ವ್ಯಾಕರಣ. ‘ಲಸಿಕೆ ಹಾಕಿಸಿಕೊಂಡು ಕೈ ಊದಿತು’ ಎಂದು ಒಬ್ಬಳು ಹೇಳುತ್ತಾಳೆ. ಇದು ಶುದ್ಧವಾದ ಕನ್ನಡ ವಾಕ್ಯ. ಇಲ್ಲಿ ‘ಹಾಕಿಸಿಕೊಂಡು’ ಎಂಬ ಕೃದಂತಾವ್ಯಯವು ಎರಡು ಕ್ರಿಯೆಗಳ ಹಿಂದುಮುಂದನ್ನು ತಿಳಿಸುತ್ತದೆಂದು ವ್ಯಾಕರಣದಲ್ಲಿ ಪಾಠ ಹೇಳುತ್ತೇವೆ. ಆದರೆ ‘ಮಳೆ ಬಂದು ಕೆರೆ ತುಂಬಿತು’, ‘ಜಾರಿ ಬಿದ್ದು ಕಾಲು ಮುರಿಯಿತು’ ಎಂಬಲ್ಲಿ ಹಿಂದುಮುಂದಿನ ಜೊತೆಗೆ ಕಾರಣಕಾರ್ಯವೂ ಸೇರಿಕೊಂಡಿರುವುದನ್ನು ಯಾರೂ ಅಲ್ಲಗಳೆಯಲಾರರು. ಆಡುವವಳು ಕಾಲಕ್ರಮವನ್ನಷ್ಟೇ ಹೇಳಿದಳೋ ಕಾರಣವನ್ನೇ ಹೇಳಿದಳೋ ಎಂಬುದು ವಾಕ್ಯದಿಂದ ತಿಳಿಯುವುದಿಲ್ಲ. ತೃತೀಯೆಯ ‘ಇಂದ’ ಪ್ರತ್ಯಯವೂ ಹೀಗೆಯೇ. ಶಾಲೆಯ ವ್ಯಾಕರಣವು ಪಂಚಮಿಗೆ ‘ದೆಸೆಯಿಂದ’ ಎಂದು ಬೇರೆ ರೂಪ ಕೊಟ್ಟಿದ್ದರೂ ಆಡುಮಾತು ‘ಇಂದ’ವೊಂದರಲ್ಲೇ ಎಲ್ಲವನ್ನೂ ನಡೆಸುತ್ತದೆ: ‘ಲಸಿಕೆಯಿಂದ ಊತ’, ‘ಸೋಮವಾರದಿಂದ ಊತ’. ಮೊದಲನೆಯದು ಕಾರಣ, ಎರಡನೆಯದು ಕಾಲ. ಹೀಗಿರುವಾಗ, ಬರೆದುಕೊಳ್ಳುವವರು ಏನು ಮಾಡುತ್ತಾರೆ? ಒಬ್ಬರು ಆಕೆಯ ಮಾತನ್ನು ‘ಲಸಿಕೆಯಿಂದ ಊತ’ವೆಂದು ಬಿಗಿಮಾಡುತ್ತಾರೆ, ಆ ಸಾಲು ಊರಿನಲ್ಲಿ ಹರಡಿ ‘ಲಸಿಕೆಯಿಂದ ಕೈ ಬಿದ್ದುಹೋಯಿತಂತೆ’ ಎಂದಾಗುತ್ತದೆ. ಇನ್ನೊಬ್ಬರು ‘ರೋಗಿಯು ಲಸಿಕೆಯೇ ಕಾರಣವೆಂದು ಆರೋಪಿಸುತ್ತಾರೆ’ ಎಂದು ಬರೆದು, ಆಕೆ ಮಾಡದೆ ಇದ್ದ ವಾದವನ್ನು ಆಕೆಯ ತಲೆಗೆ ಕಟ್ಟಿ, ಆಮೇಲೆ ಅದನ್ನು ಖಂಡಿಸಿ ಕಳುಹಿಸುತ್ತಾರೆ. ಎರಡೂ ದುರ್ಭಾಷಾಂತರಗಳೇ. ‘ಹಾಕಿಸಿಕೊಂಡ ಮೇಲೆ’ ಎಂಬ ನಿರಾಡಂಬರವಾದ ಮಾತು ಕೈಯಲ್ಲೇ ಇದೆ. ಅದನ್ನು ಬಳಸಿ, ಪಕ್ಕದಲ್ಲಿ ದಿನಸಂಖ್ಯೆಯನ್ನು ಹಾಕಿದರೆ ಸಾಕು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರಿಶೀಲಿಸುವುದಕ್ಕಾಗಿ ಒಂದು ಸಮಿತಿಯನ್ನು ರಚಿಸಿದ್ದು ವಾಚಕರಿಗೆ ತಿಳಿದೇ ಇದೆ. ಅವರ ಹೆಸರನ್ನು ಲಸಿಕೆಯ ಪರವಾಗಿ ಎತ್ತುವವರು ಒಂದು ವಿಷಯವನ್ನು ನೆನೆಯಬೇಕು. ಪರಿಶೀಲನೆಯೆಂಬುದು ಎರಡು ಕಡೆಗೂ ಸಲ್ಲತಕ್ಕದ್ದು. ‘ಲಸಿಕೆಯಿಂದ ಯಾವ ತೊಂದರೆಯೂ ಇಲ್ಲ, ಆತಂಕಪಡುವ ಅಗತ್ಯವಿಲ್ಲ’ ಎಂಬ ಘೋಷಣೆಯೂ ಪರೀಕ್ಷಿಸದೆ ಒಪ್ಪಬಾರದ ಒಂದು ಹೇಳಿಕೆಯೇ ಆಗಿರುವುದು.

ಏಕೆಂದರೆ ಕೀಲಿನ ಉರಿಯೂತವನ್ನು ತರುವ ಲಸಿಕೆ ಇಲ್ಲವೇ ಇಲ್ಲವೆನ್ನುವಂತಿಲ್ಲ. ರುಬೆಲ್ಲಾ ಲಸಿಕೆಯ ವಿಷಯ ದಶಕಗಳಿಂದ ತಿಳಿದಿದೆ. ಹಿಂದೆ ಆ ಕಾಯಿಲೆ ಬಾರದಿದ್ದ ಪ್ರಾಯದ ಹೆಂಗಸರಿಗೆ ಈ ಲಸಿಕೆ ಹಾಕಿದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕೀಲುನೋವು, ಹತ್ತರಲ್ಲೊಬ್ಬರಿಗೆ ತಾತ್ಕಾಲಿಕವಾದ ಉರಿಯೂತ ಕಾಣುವುದು. ಒಂದರಿಂದ ಮೂರು ವಾರಗಳಲ್ಲಿ ತೋರಿ, ಒಂದು ದಿನದಿಂದ ಮೂರು ವಾರಗಳವರೆಗೆ ಇದ್ದು ಹೋಗುವುದು. ಬೆರಳು, ಮಣಿಕಟ್ಟು, ಮಂಡಿಗಳನ್ನು ಹಿಡಿಯುವುದು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1991ರಲ್ಲಿಯೂ 2012ರಲ್ಲಿಯೂ ಪುರಾವೆಗಳನ್ನು ತೂಗಿನೋಡಿತು. ಈ ಅಲ್ಪಕಾಲದ ಕೀಲುಬೇನೆಗೂ ಲಸಿಕೆಗೂ ಕಾರಣಸಂಬಂಧವುಂಟೆಂಬ ಕಡೆಗೆ ತೂಕವಿದೆಯೆಂದೂ, ಹೆಂಗಸರಲ್ಲಿ ವರ್ಷಗಟ್ಟಲೆ ನಿಲ್ಲುವ ಸಂಧಿವಾತದ ವಿಷಯದಲ್ಲಿ ಪುರಾವೆ ಸಾಲದೆಂದೂ 2012ರ ವರದಿಯಲ್ಲಿ ಕಂಡುಕೊಂಡಿತು. ಲಸಿಕೆಯಿಲ್ಲದೆ ರುಬೆಲ್ಲಾ ಬಂದ ಪ್ರಾಯದ ಹೆಂಗಸರಲ್ಲಿ ನೂರಕ್ಕೆ 70ರವರೆಗೂ ಕೀಲುಬೇನೆ ಕಾಣಬಹುದೆಂಬುದನ್ನು ಇದರೊಡನೆಯೇ ಓದಬೇಕು. ನಮ್ಮ ದೇಶದ ದಡಾರ-ರುಬೆಲ್ಲಾ ಲಸಿಕಾ ಅಭಿಯಾನವು 2017ರ ಫೆಬ್ರವರಿ 5ರಂದು ಬೆಂಗಳೂರಿನಲ್ಲೇ ಉದ್ಘಾಟನೆಯಾಯಿತು. ಆಗ 9 ತಿಂಗಳಿಂದ 15 ವರ್ಷದೊಳಗಿನವರಿಗೆ ಲಸಿಕೆ ಹಾಕಿದರು. ಮಕ್ಕಳಲ್ಲಿ ಈ ಬೇನೆ ವಿರಳವಾದುದರಿಂದ ಶಾಲೆಗಳಲ್ಲಿ ಅದು ದೊಡ್ಡ ಪ್ರಶ್ನೆಯಾಗಲಿಲ್ಲ. ಚಿಕೂನ್‌ಗುನ್ಯಾಕ್ಕಾಗಿ ಅಮೆರಿಕದ ಸೇನೆಯವರು ಸಿದ್ಧಪಡಿಸಿದ ಸಜೀವ ಲಸಿಕೆಯನ್ನು 59 ಮಂದಿಗೆ ಹಾಕಿ ನೋಡಿದ ಪ್ರಯೋಗವೊಂದು 2000ದಲ್ಲಿ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 8ರಷ್ಟು ಮಂದಿಗೆ ತಾತ್ಕಾಲಿಕವಾಗಿ ಕೀಲುನೋವು ಬಂದಿತ್ತು.

ಚಿಕೂನ್‌ಗುನ್ಯಾದ ಹೆಸರು ಬಂದಮೇಲೆ ಈ ಸೀಮೆಯ ಕೈಗಳ ಪೂರ್ವಚರಿತ್ರೆಯನ್ನು ಹೇಳದೆ ಮುಂದುವರಿಯುವಂತಿಲ್ಲ. ಆಫ್ರಿಕದ ಮಕೊಂಡೆ ಭಾಷೆಯಲ್ಲಿ ಈ ಹೆಸರಿಗೆ ‘ಬಗ್ಗಿಸುವುದು’ ಎಂಬ ಭಾವವಿದೆ. 1952ರಲ್ಲಿ ಅಲ್ಲಿ ಗುರುತಿಸಿದ ರೋಗ. 1963ರಲ್ಲಿ ಕಲ್ಕತ್ತೆಗೂ 1964ರಲ್ಲಿ ಮದರಾಸಿಗೂ ಬಂದು, 1973ರ ಬಳಿಕ ನಮ್ಮ ದೇಶದಲ್ಲಿ ಮರೆಯಾದಂತಿದ್ದು, 2005ರ ಕೊನೆಯಲ್ಲಿ ಮತ್ತೆ ತಲೆಯೆತ್ತಿತು. 2006ರಲ್ಲಿ ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಮಿಕ್ಕ ಶಂಕಿತ ಪ್ರಕರಣಗಳು ಲೆಕ್ಕಕ್ಕೆ ಬಂದವು. ಜ್ವರ ಇಳಿದರೂ ಬೆರಳು, ಮಣಿಕಟ್ಟು, ಕಾಲ್ಗಂಟುಗಳ ನೋವು ಕೆಲವರಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುವುದು ಈ ರೋಗದ ಗುಣ. ಇದರ ಮೇಲೆ ನೀರಿನ ದೋಷ. ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರು ಇಲ್ಲದಿದ್ದಲ್ಲಿ 1.5ರವರೆಗೆ ಒಪ್ಪಬಹುದು ಎಂಬುದು ನಮ್ಮ ದೇಶದ ಮಾನಕ. ಈ ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಅದು ಈ ಮಿತಿಯನ್ನು ದಾಟಿದೆ. ಬಹುಕಾಲ ಆ ನೀರನ್ನು ಕುಡಿದವರಿಗೆ ಕೀಲುನೋವೂ ಬಿಗಿತವೂ ಮೆಲ್ಲನೆ ಬರುವುದುಂಟು. ಇದರ ಮೇಲೆ ಕಸುಬು. ಬಿಸಿನೀರಿನಲ್ಲಿ ನೆನೆದು ನೆನೆದು ಬಿಚ್ಚಾಣಿಕೆಯವರ ಬೆರಳ ಚರ್ಮ ಬೆಂದಂತಾಗುತ್ತದೆ, ಉಗುರುಸುತ್ತು ಏಳುತ್ತದೆ. ಒಂದೇ ಚಲನೆಯನ್ನು ದಿನವೆಲ್ಲ ಮಾಡಿದುದರಿಂದ ಮಣಿಕಟ್ಟು ಬೇನೆಗೊಳ್ಳುತ್ತದೆ.

ಹೀಗೆ, ಲಸಿಕೆಗೆ ಮುಂಚೆಯೇ ಈ ಕೈಗಳಲ್ಲಿ ಹಲವು ನೋವುಗಳು ಮನೆಮಾಡಿರುವುದರಿಂದ ಎರಡು ವಿರುದ್ಧವಾದ ಅನುಮಾನಗಳಿಗೆ ಅವಕಾಶವಾಗುತ್ತದೆ. ಹೊಸ ಊತವನ್ನು ‘ಇದು ಹಳೆಯ ಚಿಕೂನ್‌ಗುನ್ಯಾ’, ‘ಇದು ನಿನ್ನ ಕಸುಬಿನ ನೋವು’ ಎಂದು ತಳ್ಳಿಹಾಕಬಹುದು. ಹಳೆಯ ನೋವನ್ನು ಲಸಿಕೆಯ ಲೆಕ್ಕಕ್ಕೆ ಬರೆಯಬಹುದು. ಇವುಗಳಲ್ಲಿ ಯಾವುದು ಸರಿಯೆಂಬುದನ್ನು ತೀರ್ಮಾನಿಸಲು ಬೇಕಾದುದು ಆ ಕೈಯ ಹಿಂದಿನ ಸ್ಥಿತಿ. ದಾಖಲೆಯಲ್ಲಿ ಇಲ್ಲದಿರುವುದೂ ಅದೇ. ಒಂದು ವಿಪರ್ಯಾಸವನ್ನು ಇಲ್ಲಿ ಹೇಳದೆ ಇರಲಾರೆವು. ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದ ಸೊಳ್ಳೆಗಳಲ್ಲಿ ಜೀಕಾ ವೈರಸ್ಸು ಇದ್ದುದನ್ನು 2023ರಲ್ಲಿ ಪರೀಕ್ಷೆಯಿಂದ ಕಂಡುಹಿಡಿದರು. ಸೊಳ್ಳೆಯನ್ನು ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ ಹಿಡಿದದ್ದೆಂಬುದು ದಾಖಲೆಯಲ್ಲಿದೆ. ಬೆರಳಿನ ಗೆಣ್ಣಿಗೂ ಅಷ್ಟು ಗೌರವ ದೊರೆಯಬಾರದೆ?

ಲಸಿಕೆಯ ತರುವಾಯದ ತೊಂದರೆಗಳನ್ನು ವರದಿಮಾಡಲು ನಮ್ಮಲ್ಲಿ ಒಂದು ವ್ಯವಸ್ಥೆ ಇದೆ. ಅದು ಒಳ್ಳೆಯ ವ್ಯವಸ್ಥೆಯೇ. ಪ್ರಕರಣವು ಕೆಳಗಿನ ಆರೋಗ್ಯ ಕೇಂದ್ರದಿಂದ ಜಿಲ್ಲೆಗೆ, ಅಲ್ಲಿಂದ ರಾಜ್ಯಕ್ಕೆ, ದೇಶದ ಸಮಿತಿಗೆ ಹೋಗುತ್ತದೆ. ಆದರೆ ಅದರ ಮೊದಲ ವಿಂಗಡಣೆಯಲ್ಲೇ ಒಂದು ಭಾಷಾದೋಷ ನುಸುಳಿದೆ. ತೊಂದರೆಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ: ಅಲ್ಪವಾದುವು, ತೀವ್ರವಾದುವು, ಗಂಭೀರವಾದುವು. ಮೂಲದಲ್ಲಿ ತೀವ್ರವೆಂಬುದು ನೋವಿನ ಬಲವನ್ನು ಕುರಿತದ್ದು, ಗಂಭೀರವೆಂಬುದು ಪರಿಣಾಮವನ್ನು ಕುರಿತದ್ದು: ಸಾವು, ಆಸ್ಪತ್ರೆಗೆ ಸೇರಿಸಬೇಕಾಗುವುದು, ಅಂಗವೈಕಲ್ಯ ಮುಂತಾದುವು. ಕನ್ನಡದಲ್ಲಿ ಇವೆರಡೂ ಒಂದಕ್ಕೊಂದು ಪರ್ಯಾಯವಾಗಿ ಓಡಾಡುತ್ತವೆ. ಬೆರಳ ಕೀಲು ಊದಿದವಳು ಆಸ್ಪತ್ರೆಗೆ ಸೇರಿಲ್ಲ, ಸತ್ತಿಲ್ಲ. ಆದುದರಿಂದ ‘ಅಲ್ಪ’ವೆಂಬ ಪಟ್ಟಿಗೆ ಇಳಿಯುತ್ತಾಳೆ. ಅಂಗವೈಕಲ್ಯವೆಂಬ ಮಾತು ಅಲ್ಲಿಯೇ ಇದ್ದರೂ ಅದನ್ನು ಕೈಕಾಲು ಇಲ್ಲದವರಿಗೆ ಮೀಸಲೆಂದು ಓದುವುದು ರೂಢಿಯಾಗಿದೆ. ಎಳೆಯ ತುದಿಯನ್ನು ಹಿಡಿಯಲಾರದ ಬೆರಳು ಆರು ವಾರ ಹಾಗೆಯೇ ಉಳಿದರೆ, ಶಿಡ್ಲಘಟ್ಟದ ಬಿಚ್ಚಾಣಿಕೆಯವಳ ಮಟ್ಟಿಗೆ ಅದು ವೈಕಲ್ಯವಲ್ಲವೆಂದು ಹೇಳುವ ಕಾರಣ ನಮಗೆ ಕಾಣುವುದಿಲ್ಲ.

ಕಾರಣವನ್ನು ನಿರ್ಣಯಿಸುವ ಹಂತದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪದ್ಧತಿಯು ನಾಲ್ಕು ಗುಂಪುಗಳನ್ನು ಮಾಡಿದೆ: ಲಸಿಕೆಗೋ ಅದನ್ನು ಹಾಕಿದ ರೀತಿಗೋ ಹೊಂದಿಕೊಳ್ಳುವುದು, ನಿರ್ಣಯಿಸಲಾಗದು, ಕಾಕತಾಳೀಯ, ಮಾಹಿತಿ ಸಾಲದೆ ವಿಂಗಡಿಸಲಾಗದು. ಮೊದಲನೆಯ ಗುಂಪಿನಲ್ಲಿ ಸೂಜಿಯ ಆತಂಕದಿಂದ ಆದುದಕ್ಕೂ ಒಂದು ಸ್ಥಾನವಿದೆ. ಚುಚ್ಚಿದ ಕೆಲವು ನಿಮಿಷಗಳಲ್ಲಿ ತಲೆತಿರುಗಿ ಬಿದ್ದವರಿಗೆ ಅದು ಸಲ್ಲುತ್ತದೆ. ಹತ್ತು ದಿನದ ಮೇಲೆ ಕಣ್ಣಿಗೆ ಕಾಣುವಂತೆ, ಮುಟ್ಟಿದರೆ ಬಿಸಿಯಾಗಿರುವಂತೆ ಊದಿದ ಗೆಣ್ಣಿಗೆ ಅದು ಸಲ್ಲದು. ಹೆಂಗಸಿನ ದೂರೆಂಬ ಒಂದೇ ಕಾರಣಕ್ಕೆ ಅಲ್ಲಿಗೆ ಸೇರಿಸುವುದು ಶಾಸ್ತ್ರವಲ್ಲ. ‘ಕಾಕತಾಳೀಯ’ವೆಂಬ ಭಾಷಾಂತರ ಸೊಗಸಾದುದು, ಆದರೆ ಅಪಾಯದ್ದು. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋಯಿತೆಂದು ಹೇಳಬೇಕಾದರೆ, ಕಾಗೆ ಕೂರದಿದ್ದಾಗಲೂ ದಿನಕ್ಕೆ ಎಷ್ಟು ಹಣ್ಣು ಬೀಳುತ್ತವೆಂಬ ಲೆಕ್ಕ ಬೇಕು. ಅಮೆರಿಕದ ಮಿನೆಸೋಟದ ಒಂದು ಜಿಲ್ಲೆಯಲ್ಲಿ ಬಹುವರ್ಷ ಎಣಿಸಿ ನೋಡಿದಾಗ ವರ್ಷಕ್ಕೆ ಲಕ್ಷ ಪ್ರಾಯದವರಲ್ಲಿ ಸುಮಾರು 40 ಮಂದಿಗೆ ಹೊಸದಾಗಿ ರುಮಟಾಯ್ಡ್ ಸಂಧಿವಾತ ತೊಡಗುವುದು ಕಂಡುಬಂದಿತು. ಆ ಪ್ರಮಾಣವನ್ನೇ ಉದಾಹರಣೆಗಾಗಿ ಇಟ್ಟುಕೊಂಡರೆ, ಲಕ್ಷ ಮಂದಿಗೆ ಲಸಿಕೆ ಹಾಕಿದ ಒಂದು ತಾಲ್ಲೂಕಿನಲ್ಲಿ ಮುಂದಿನ ನಾಲ್ಕು ವಾರಗಳೊಳಗೆ ಮೂವರಿಗೆ, ಲಸಿಕೆಯ ಸಂಬಂಧವೇ ಇಲ್ಲದೆ, ಈ ಬೇನೆ ತೊಡಗಬೇಕು. ವರದಿಯಾದುದು ಮೂವರದೇ ಆದರೆ ಕಾಕತಾಳೀಯವೆಂಬ ಮಾತಿಗೆ ಬಲ ಬರುತ್ತದೆ. ಮೂವತ್ತಾದರೆ ಎಚ್ಚರಗೊಳ್ಳಬೇಕು. ಒಂದೂ ಇಲ್ಲದಿದ್ದರೆ? ಆಗ ಲಸಿಕೆಯು ನಿರ್ದೋಷಿಯೆಂದಲ್ಲ, ವರದಿಯೇ ನಡೆದಿಲ್ಲವೆಂದು ತಿಳಿಯಬೇಕು. ಈ ಕೊನೆಯ ತರ್ಕವನ್ನು ವಿದ್ಯಾರ್ಥಿಗಳು ಮನಸ್ಸಿಟ್ಟು ನೋಡಬೇಕೆಂದು ಕೋರುತ್ತೇವೆ.

ಹಾಗಾದರೆ ಬರೆಯತಕ್ಕ ರೀತಿ ಯಾವುದು? ಕಲ್ಪಿತವಾದ ಒಂದು ನಿದರ್ಶನವನ್ನು ಕೊಡುತ್ತೇವೆ. ‘ಎಡತೋಳಿಗೆ ಲಸಿಕೆ, ಹೆಸರು, ತಂಡದ ಸಂಖ್ಯೆ, ತಾರೀಖು ಕಾರ್ಡಿನಲ್ಲಿ ನೋಡಿ ಬರೆದುದು. ಹನ್ನೊಂದನೆಯ ದಿನ ಬೆಳಿಗ್ಗೆ ಎರಡು ಕೈಗಳ ತೋರುಬೆರಳು ನಡುಬೆರಳುಗಳ ನಡುಗೆಣ್ಣು, ಬಲ ಮಣಿಕಟ್ಟು ಊದಿದುವು. ಮುಟ್ಟಿದರೆ ಬಿಸಿ, ಒತ್ತಿದರೆ ಮೆತ್ತಗೆ. ಮುಷ್ಟಿ ಕಟ್ಟಲು ಹೊತ್ತು ಏರಿ ಒಂದೂವರೆ ಗಂಟೆಯಾಗಬೇಕು. ಜ್ವರವಿಲ್ಲ. ಇದಕ್ಕೆ ಮುಂಚೆ ಕೆಲಸ ಬಿಡುವಂಥ ಕೈನೋವು ಇರಲಿಲ್ಲ. 2006ರಲ್ಲಿ ಕೀಲುಜ್ವರ ಬಂದು ಎರಡು ತಿಂಗಳಲ್ಲಿ ವಾಸಿಯಾಗಿತ್ತು. ಬಿಚ್ಚಾಣಿಕೆ ಕೆಲಸ, ಎಂಟು ದಿನದಿಂದ ಹೋಗಿಲ್ಲ. ಆಕೆಯ ಮಾತು: ಚೆಯ್ಯಿ ವಾಪು, ಕೀಳ್ಳ ನೊಪ್ಪುಲು.’ ಇಷ್ಟು ಬರೆಯಲು ಹತ್ತು ನಿಮಿಷ ಹಿಡಿಯಬಹುದು. ಇದರೊಡನೆ ಎರಡು ಹಸ್ತಗಳನ್ನೂ ಒಂದು ಅಳತೆಪಟ್ಟಿಯ ಪಕ್ಕದಲ್ಲಿಟ್ಟು ತೆಗೆದ ಚಿತ್ರವೂ, ಆರು ವಾರಗಳ ಮೇಲೆ ಅದೇ ಕೈಯನ್ನು ಮತ್ತೆ ನೋಡಿ ಬರೆದ ಸಾಲೂ ಸೇರಿದರೆ ಮೇಲಿನ ಸಮಿತಿಯವರು ತರ್ಕಿಸಲು ಒಂದು ವಸ್ತು ದೊರೆಯುತ್ತದೆ. ರಕ್ತಪರೀಕ್ಷೆಗಳು ತಾಲ್ಲೂಕಿನಲ್ಲಿ ಆಗದಿದ್ದರೆ ಜಿಲ್ಲೆಯಲ್ಲಿ ಆದಾವು. ಆದರೆ ಹನ್ನೊಂದನೆಯ ದಿನದ ಕೈಯನ್ನು ನಲವತ್ತನೆಯ ದಿನ ಯಾವ ಪ್ರಯೋಗಶಾಲೆಯೂ ತೋರಿಸಿಕೊಡಲಾರದು. ರೋಗಿಯ ಸ್ವಂತ ಮಾತನ್ನು, ತೆಲುಗಾದರೆ ತೆಲುಗಿನಲ್ಲಿಯೇ, ಕನ್ನಡ ಅಕ್ಷರಗಳಲ್ಲಿ ಬರೆದಿಡಬೇಕೆಂಬುದನ್ನು ನಾವು ವಿಶೇಷವಾಗಿ ಒತ್ತಿಹೇಳುತ್ತೇವೆ. ‘ಮಣಿಕಟ್ಟು’, ‘ಕೀಲು’ ಎಂಬ ಪದಗಳು ಎರಡು ಭಾಷೆಗೂ ಸಮಾನವಾಗಿರುವುದು ಆಶಾ ಕಾರ್ಯಕರ್ತೆಯರಿಗೂ ದಾದಿಯರಿಗೂ ಒದಗಿದ ಒಂದು ಅನುಕೂಲ.

2006ರ ಜ್ವರವನ್ನು ಮೇಲಿನ ನಿದರ್ಶನದಲ್ಲಿ ಸೇರಿಸಿರುವುದು ಸುಮ್ಮನೆಯಲ್ಲ. ಚಿಕೂನ್‌ಗುನ್ಯಾ ಬಂದುಹೋದ ಗುರುತು ರಕ್ತದಲ್ಲಿ ಬಹುಕಾಲ ಉಳಿಯುವುದಾದರೂ ಅದು ಬಂದ ವರ್ಷವನ್ನು ಹೇಳುವುದಿಲ್ಲ. ಅದಕ್ಕೆ ರೋಗಿಯ ನೆನಪನ್ನೂ ಆ ಕಾಲದ ಕಾಗದಗಳನ್ನೂ ಆಶ್ರಯಿಸಬೇಕಾಗುತ್ತದೆ. ಈ ಕಾಗದಗಳನ್ನು ಅರಸಹೊರಡುವ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಗಮನದಲ್ಲಿಡತಕ್ಕದ್ದು. ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾದುದು 2007ರಲ್ಲಿ. ಅದಕ್ಕೆ ಹಿಂದಿನ ವರ್ಷದ ಲೆಕ್ಕಗಳಲ್ಲಿ ಈ ನಾಲ್ಕು ತಾಲ್ಲೂಕುಗಳೂ ಕೋಲಾರ ಜಿಲ್ಲೆಯ ಹೆಸರಿನಲ್ಲಿವೆ. ಹುಡುಕುವ ಕೆಲಸವನ್ನು ಕೋಲಾರದಿಂದ ತೊಡಗಬೇಕು.